ಮಾಣಿಕಪ್ಪನವರ ಉಪವಾಸ

ಮಿಲಿಂದ್ ಬಲಗೈಯಿಂದ ಕಿವಿ ತುರಿಸಿಕೊಂಡ. ಎದುರಿಗೆ ಕುಳಿತಿದ್ದ ರೇವಪ್ಪನವರು ಎಡಗೈಯಿಂದ ಕಿವಿ ತುರಿಸಿಕೊಂಡರು.

ಮಿಲಿಂದ್ ಕಾಲ ಮೇಲೆ ಕಾಲು ಹಾಕಿದ. ರೇವಪ್ಪನವರೂ ಹಾಕಿದರು. ಅವರ ಧೋತರದ ಅಂಚು ತೊಗರಿ ಚೀಲದ ಹೊಲಿಗೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋಗಲಿಲ್ಲ. ಎದುರಿನವನ ಧೋತರ ಎಲ್ಲೂ ಸಿಕ್ಕಿಕೊಂಡಿರಲಿಲ್ಲವಲ್ಲ.

"ಸರ್, ನೀವು ನನ್ನ ನಕಲು ಮಾಡಾಕ ಹತ್ತೀರಿ," ಎಂದ ಮಿಲಿಂದ್.

"ನೀನೇ ಕಲಿಸಿದ್ದು. ಎದುರಿನವ ಹ್ಯಾಂಗ ಕೂಡ್ತಾನ ಹಾಂಗ ಕೂಡಬೇಕು. ಆಗ ಅವನ ಮನಸ್ಸು ತಾನ ಬಾಗಿಲು ತಗೀತದ."

"ಅವನಿಗೆ ಗೊತ್ತಾಗದಂಗ ಮಾಡಬೇಕ್ರಿ."

"ಅದು ಎರಡನೇ ದಿವಸದ ಪಾಠ. ಅವತ್ತ ನಾ ಬಂದಿದ್ದಿಲ್ಲ."

ಮಿಲಿಂದ್ ನಿಟ್ಟುಸಿರು ಬಿಟ್ಟ. ರೇವಪ್ಪನವರೂ ಬಿಟ್ಟರು. ಆಮೇಲೆ ಮಿಲಿಂದ್‌ಗೆ ತನ್ನ ವೃತ್ತಿ ನೆನಪಾಗಿರಬೇಕು. ಸಿಟ್ಟಿಗೆದ್ದ ಗಿರಾಕಿಯನ್ನು ಸಮಾಧಾನ ಮಾಡಲು ತಾನೇ ಅವರನ್ನು ಅನುಸರಿಸಲು ಶುರುಮಾಡಿದ. ಈಗ ಇಬ್ಬರೂ ಇನ್ನೊಬ್ಬರು ಅಲುಗಾಡಲಿ ಎಂದು ಕಾಯತೊಡಗಿದರು. ಇಬ್ಬರೂ ಅಲುಗಾಡಲಿಲ್ಲ. ನಡುವೆ ಇಟ್ಟಿದ್ದ ಚಹಾದ ಮೇಲೆ ಕೆನೆ ಕಟ್ಟಿತು.

ಶಿವಕಾಂತಾ ಕಾಳು ತೂಗುವ ಕಾಟಾದ ಹಲಗೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು. ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಶುರುವಾಗಿ ಕಾಲೇಜು ಮುಚ್ಚಿತ್ತು. ಸೋದರಮಾವ ರೇವಪ್ಪನವರನ್ನು ನೋಡಲೆಂದು ನಾರಾಯಣಖೇಡಕ್ಕೆ ಬಂದವಳು, ಬಸ್ಸುಗಳೂ ನಿಂತಿದ್ದರಿಂದ ಇಲ್ಲೇ ಉಳಿದಿದ್ದಳು.

ಊರಿನ ನೌಕರರೆಲ್ಲ ಮನೆಯಲ್ಲಿ ಕುಳಿತು ಬೇಸತ್ತಿದ್ದರು. ಅವರಿಗಾಗಿ ಶರಣ ಮಂಟಪದಲ್ಲಿ ಎನ್.ಎಲ್.ಪಿ. ಶಿಬಿರ ನಡೆದಿತ್ತು. ಮಾತು ಮತ್ತು ಮನಸ್ಸನ್ನು ತಿದ್ದಿಕೊಂಡು ಬಾಳನ್ನು ತಿದ್ದಿಕೊಳ್ಳುವ ವಿದ್ಯೆ ಎಂದು ಬ್ಯಾನರಿನಲ್ಲಿ ಬರೆದಿತ್ತು. ಮೊನ್ನೆ ಅಲ್ಲಿಂದ ಮನೆಗೆ ಬಂದ ತೊಗರಿ ವ್ಯಾಪಾರಿ ಮಾಣಿಕಪ್ಪನವರು ಸಂಜೆಯ ಪೂಜೆಗೆಂದು ಕೊರಳಿನ ಬೆಳ್ಳಿಯ ಕರಡಿಗೆ ತೆರೆದರೆ, ಒಳಗೆ ಇದ್ದದ್ದು ಅವರ ಇಷ್ಟಲಿಂಗವಲ್ಲ.

ಆಗಿನಿಂದ ಅವರು ಊಟ ಮಾಡಿರಲಿಲ್ಲ. ಲಿಂಗಪೂಜೆಯಾಗದೆ ಬಾಯಿಗೆ ತುತ್ತಿಡುವವರಲ್ಲ. ಸಕ್ಕರೆ ಕಾಯಿಲೆ ಬೇರೆ. ಗುಳಿಗೆ ನುಂಗಿರಿ ಎಂದರೆ, ಊಟ ಆದ ಮೇಲೆ ನುಂಗಬೇಕೆಂದು ಡಾಕ್ಟರು ಹೇಳಿದ್ದಾರಲ್ಲ ಎಂದು ಕೇಳುತ್ತಿದ್ದರು. ಹೊಸ ಲಿಂಗ ಕಟ್ಟಬೇಕಾದ ಮಠದ ಅಯ್ಯನವರು ಫೋನಿನಲ್ಲಿ ಸಿಕ್ಕಿದ್ದರು. ರಸ್ತೆಯ ತುಂಬ ಕಲ್ಲು, ಟೈರು. ದಾರಿ ಬಿಟ್ಟ ದಿನ ಬರುತ್ತೇನೆ ಎಂದಿದ್ದರು.

ಹುಡುಕುವುದಾದರೂ ಹೇಗೆ? ಕಳೆದ ವಸ್ತುವಿನಂಥದ್ದೇ ಊರಿನ ಅರ್ಧ ಜನರ ಕೊರಳಲ್ಲಿತ್ತು. ತನ್ನ ಲಿಂಗವನ್ನು ಯಾರೂ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಇನ್ನೊಬ್ಬರದನ್ನು ಯಾರೂ ಮುಟ್ಟುವುದಿಲ್ಲ. ಶಿಬಿರಕ್ಕೆ ಬಂದವರನ್ನೆಲ್ಲ ಕೇಳಿದ್ದಾಗಿತ್ತು. ತಮ್ಮ ಕೊರಳಲ್ಲಿರುವುದು ತಮ್ಮದೇ ಎಂದು ಎಲ್ಲರೂ ಎದೆ ಮುಟ್ಟಿಕೊಂಡು ಹೇಳಿದ್ದರು.

ಉಳಿದವನು ಮಿಲಿಂದ್. ಶಿಬಿರ ನಡೆಸಿದವನು, ಊರಿಗೆ ಹೊಸಬ, ನಯವಾದ ಮಾತುಗಾರ. ಅವನನ್ನು ಮಾಣಿಕಪ್ಪನವರ ಮನೆಯ ಪಕ್ಕದ ತೊಗರಿ ಕೋಠಿಯಲ್ಲಿ ಅತಿಥಿಯಾಗಿ ಇರಿಸಿದ್ದರು. ಚಿಲಕ ಮಾತ್ರ ಹೊರಗಿನಿಂದ ಹಾಕಿತ್ತು.

"ಮಾಮಾ," ಎಂದಳು ಶಿವಕಾಂತಾ. "ಚಹಾ ಆರ್ಲಿಕತ್ತದ."

"ಸುಮ್ಮನಿರು ಬೇಟಾ. ಇಂವ ಈಗ ಕಣ್ಣು ತಿರಗಿಸ್ತಾನ. ಕಣ್ಣು ಮ್ಯಾಲ ಎಡಕ್ಕ ಹೋದ್ರ ನೆನಪು, ಬಲಕ್ಕ ಹೋದ್ರ ಸುಳ್ಳು."

"ನಿನ್ನಿ ಪೂರಾ ಊರು ಬಲಕ್ಕ ನೋಡ್ತು ಅಂದ್ರಿ."

"ನೋಡ್ತು! ಒಬ್ಬರೂ ಬಿಡಲಾರದಂಗ ಎಲ್ಲಾರೂ ನೋಡಿದ್ರು. ಪೂರಾ ಊರ ಸುಳ್ಳು ಹೇಳಾಕ ಹತ್ಯದ."

"ನಿಮ್ಮ ಪಡಸಾಲ್ಯಾಗ ಬಲಗಡಿ ಮ್ಯಾಲ ಹಲ್ಲಿ ಅದ ಮಾಮಾ. ಮೂಲ್ಯಾಗ. ಅದರ ಬಾಲ ನೇತಾಡ್ತಿತ್ತು. ನಾನೂ ನೋಡಿದೆ."

ಮಿಲಿಂದ್ ನಕ್ಕುಬಿಟ್ಟ. ರೇವಪ್ಪನವರೂ ನಕ್ಕರು. ಆಮೇಲೆ, ನಕಲಿಗೆ ನಕ್ಕದ್ದೋ ನಿಜಕ್ಕೂ ನಕ್ಕದ್ದೋ ತಿಳಿಯದೆ ಸಿಟ್ಟಾದರು. ಅಬಕಾರಿ ಇಲಾಖೆಯಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತರಾದವರು ಅವರು. ಬರೀ ವಾಸನೆಯಿಂದ ಕಳ್ಳಭಟ್ಟಿ ಹಿಡಿಯುತ್ತಿದ್ದರಂತೆ. ಈ ವಿದ್ಯೆ ಆಗ ಗೊತ್ತಿದ್ದರೆ ಮೂಗಿಗೆ ಅಷ್ಟು ತೊಂದರೆ ಇರುತ್ತಿರಲಿಲ್ಲ ಎಂದು ಮೂರು ಹೊತ್ತೂ ಹೇಳುತ್ತಿದ್ದರು.

"ಮಿಲಿಂದ್ ಅವ್ರೆ," ಎಂದಳು ಶಿವಕಾಂತಾ. "ಅವತ್ತ ಏನಾತು, ಮೊದಲಿಂದ ಹೇಳ್ರಿ. ಮಂಟಪದಾಗ ಲೈಟ್ ಹೋಗೋಕ್ಕಿಂತ ಸ್ವಲ್ಪ ಮುಂಚೆಯಿಂದ."

"ಲಂಗರಿನ ಪಾಠ ನಡದಿತ್ರಿ. ನಾವು ಯಾಂಕರ್ ಅಂತೀವಿ. ಕಣ್ಣು ಮುಚ್ಚಿ, ಜೀವನದಾಗ ಗೆದ್ದ ಒಂದು ಗಳಿಗಿ ನೆನಸ್ಕೋಬೇಕು. ಖುಷಿ ಮೈ ತುಂಬಿದಾಗ ಕೈಯಾಗಿನ ವಸ್ತು ಗಟ್ಟಿ ಹಿಡೀಬೇಕು. ಮುಂದ ಎಂದಾರ ಹೆದರಿಕಿ ಬಂದ್ರ, ಅದನ್ನ ಮುಟ್ಟಿದ್ರ ಸಾಕು, ಆ ಖುಷಿ ತಿರಗಿ ಬರ್ತದ. ಮುಟ್ಟಿದ್ರ ಧೈರ್ಯ ಬರೂವಂಥಾದ್ದು ಒಂದು ಹಿಡ್ಕೋರಿ ಅಂದೆ. ಪೆನ್ನು, ಉಂಗುರ ಹಿಡೀತಾರ ಅಂದ್ಕೊಂಡಿದ್ದೆ."

"ಎಲ್ಲಾರೂ ಕರಡಿಗಿ ತೆರದ್ರು."

"ಹೌದ್ರಿ. ಕರಡಿಗಿ ಕೊರಳಿಂದ ತಗದು ಬಾಜೂಕ ಇಟ್ರು, ಲಿಂಗ ಅಂಗೈ ಮ್ಯಾಲ ಇಟ್ಕೊಂಡ್ರು. ಇಷ್ಟು ಲಗೂ ಯಾವ ಊರಾಗೂ ನನ್ನ ಪಾಠ ತಿಳದಿದ್ದಿಲ್ಲ. ನನಗೂ ಕಣ್ಣೀರು ಬಂತು."

"ಆಮ್ಯಾಲ?"

"ಮುಷ್ಕರದ ಮೆರವಣಿಗಿ ಒಳಗ ನುಗ್ಗಿತು. ಎಲ್ಲಾ ಬಂದ್ ಇರುವಾಗ ನಿಮ್ಮದೇನು ಪಾಠ ಅಂತ ಡಪ್ಪು ಬಡಕೋತ ಬಂದ್ರು. ಎಲ್ಲಾರೂ ಕಣ್ಣು ತಗದ್ರು. ಬಂದವರು ಕೈ ಎತ್ತಿ ಜೈ ತೆಲಂಗಾಣ ಅಂದ್ರು. ನಮ್ಮವರೂ ಎದ್ದು ನಿಂತು ಕೈ ಎತ್ತಿದ್ರು."

"ಪೂರಾ ಶಿಬಿರ?"

ಮಿಲಿಂದ್ ಸ್ವಲ್ಪ ನಾಚಿದ. "ಮೂರು ದಿವಸದಿಂದ ಎದುರಿನವರು ಮಾಡಿದ್ದನ್ನ ಮಾಡ್ರಿ ಅಂತ ನಾನೇ ಕಲಿಸಿದ್ದೆನಲ್ರಿ. ರೂಢಿ ಬಿದ್ದಿತ್ತು. ಅಷ್ಟರಾಗ ಕರೆಂಟ್ ಹೋತು. ಕಲ್ಲಿದ್ದಲ ಗಣಿಯವರೂ ಮುಷ್ಕರದಾಗ ಇದ್ದಾರಲ್ಲ."

ಶಿವಕಾಂತಾ ಕಾಟಾದಿಂದ ಇಳಿದಳು. ಹಲಗೆ ಮೇಲೆದ್ದು ಕಿರ್ರ್ ಎಂದಿತು.

"ಮಿಲಿಂದ್ ಅವ್ರೆ, ಇನ್ನೊಂದ್ಸಲ ಕಿವಿ ತುರಸ್ಕೋರಿ."

ಮಿಲಿಂದ್ ಬಲಗೈ ಎತ್ತಿದ. ರೇವಪ್ಪನವರ ಎಡಗೈ ತಾನಾಗಿ ಎದ್ದಿತು.

"ಮಾಮಾ, ನೀವು ಯಾಕ ಎಡಗೈ ಎತ್ತಿದ್ರಿ?"

"ಕನ್ನಡಿ ಅಲ್ಲೇನು? ಅಂವ ಬಲ ಎತ್ತಿದ್ರ ನಾ ಎಡ ಎತ್ತಬೇಕು. ಇದು ಮೊದಲನೇ ದಿವಸದ ಪಾಠ. ಅವತ್ತ ನಾ ಬಂದಿದ್ದೆ."

"ಮೆರವಣಿಗ್ಯಾಗ ಬಂದವರು ಯಾವ ಕೈ ಎತ್ತಿದ್ರು?"

"ಬಲಗೈ. ಘೋಷಣಾ ಯಾರರ ಎಡಗೈಲೆ ಕೂಗ್ತಾರೇನು?"

"ಲಿಂಗ ಯಾವ ಅಂಗೈ ಮ್ಯಾಲ ಇತ್ತು?"

ರೇವಪ್ಪನವರ ಎಡಗೈ ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಲಿಂಗವನ್ನು ಎಡ ಅಂಗೈ ಮೇಲಲ್ಲದೆ ಬೇರೆ ಕಡೆ ಇಟ್ಟು ಪೂಜಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅವರು ಮೆಲ್ಲಗೆ ಕೈ ಇಳಿಸಿದರು. ಈ ಸಲ ಮಿಲಿಂದ್ ಇಳಿಸಿದ್ದಾನೋ ಇಲ್ಲವೋ ನೋಡಲಿಲ್ಲ.

*

ಮಾಣಿಕಪ್ಪನವರು ಪಡಸಾಲೆಯ ಹಾಸುಗಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಮಲಗಿದ್ದರು. ತುಟಿ ಒಣಗಿತ್ತು. ಕೈ ಬೆರಳು ಸಣ್ಣಗೆ ನಡುಗುತ್ತಿದ್ದವು. ಹೆಂಡತಿ ರುಕ್ಮಿಣಿಬಾಯಿ ರೊಟ್ಟಿ, ಪುಂಡಿಪಲ್ಯದ ತಾಟು ಹಿಡಿದು ಬಂದರು. ಅವರು ನೋಡಲಿಲ್ಲ. ಆಕೆ ತಾಟನ್ನು ಒಳಗೆ ಒಯ್ದರು. ಮೊನ್ನೆಯಿಂದ ಹೊತ್ತು ಹೊತ್ತಿಗೂ ಇದೇ ನಡೆದಿತ್ತು. ಆಕೆಯ ಮುಖದಲ್ಲಿ ಏನೂ ಇರಲಿಲ್ಲ.

ರೇವಪ್ಪನವರು ಗೆಳೆಯನ ತಲೆಯ ಬಳಿ ಕುಳಿತರು.

"ಮಾಣಿಕಪ್ಪಾ, ಇದಕ್ಕ ಉಪವಾಸ ಅನಬ್ಯಾಡ. ಚೌಕಟ್ಟು ಬದಲಿ ಮಾಡು. ಹೊಟ್ಟಿಗೆ ರಜಾ ಕೊಟ್ಟೀನಿ ಅನ್ನು. ಹಸಿವು ಅದ, ಆದ್ರ ಅರ್ಥ ಬ್ಯಾರೆ ಆಗ್ತದ."

ಮಾಣಿಕಪ್ಪನವರು ಕಣ್ಣು ತೆರೆದರು. "ರೇವ್ಯಾ, ನನ್ನ ಕೈಯಾಗ ತಾಕತ್ತಿದ್ರ ನಿನ್ನ ಚೌಕಟ್ಟು ಮುರೀತಿದ್ದೆ."

"ನೋಡು, ಧ್ವನಿ ಜೋರಾತು. ಫರಕ್ ಬಿತ್ತು."

"ಕಾಕಾ," ಎಂದಳು ಶಿವಕಾಂತಾ. "ಮೊನ್ನೆ ಲೈಟ್ ಹೋದಾಗ ಏನಾತು, ಇನ್ನೊಮ್ಮೆ ಹೇಳ್ತೀರೇನು?"

"ಎಷ್ಟ್ಸಲ ಹೇಳಬೇಕವ್ವಾ? ಡಪ್ಪು ಬಡದ್ರು. ಕೂಗಾಡಿದ್ರು. ಲೈಟ್ ಹೋತು. ಯಾರೋ ಚೀರಿದ್ರು. ಕುರ್ಚಿ ಬಿದ್ದ ಸಪ್ಪಳ ಕೇಳ್ತು. ಕಲ್ಲಿನ ಮ್ಯಾಲ ಏನೋ ಉರುಳಿದಂಗ ಕೇಳ್ತು. ಲೈಟ್ ಬಂತು. ಮನಿಗೆ ಬಂದೆ. ನೋಡಿದ್ರ ಬದಲಾಗಿತ್ತು. ಮುಷ್ಟಿಯೊಳಗ ಇದ್ದದ್ದನ್ನ ಬದಲಾಯಿಸ್ಯಾನ ಆ ಮಾತುಗಾರ!"

ಶಿವಕಾಂತಾ ಅವರ ಕೈಗಳ ಕಡೆ ನೋಡಿದಳು.

"ಕಾಕಾ, ಈ ಶಿಬಿರದಾಗ ಒಂದು ಮಾತು ಹೇಳ್ತಾರ. ಕೆಲವರು ನೋಡಿದ್ದನ್ನ ಹೇಳ್ತಾರ, ಕೆಲವರು ಕೇಳಿದ್ದನ್ನ, ಕೆಲವರು ಮುಟ್ಟಿದ್ದನ್ನ. ಮನಷ್ಯಾನ ಮಾತಿನಾಗ ಅದು ತಾನ ಬರ್ತದ."

"ಖರೇ ಅದ," ಎಂದರು ರೇವಪ್ಪ. "ನಾ ಮೂಗಿನವ. ಮಿಲಿಂದನ ಹತ್ರ ಅದಕ್ಕ ಜಾಗಾನ ಇಲ್ಲ."

"ನೀವು ಮುಟ್ಟೂವರು ಕಾಕಾ. ನಾ ಸಣ್ಣಾಕಿದ್ದಾಗಿಂದ ನೋಡೀನಿ. ತೊಗರಿ ರಾಶಿಯಾಗ ಮೊಣಕೈ ತನ ಕೈ ಹಾಕಿ ಹಸಿ ಅದ, ಒಣಗ್ಯದ ಅಂತೀರಿ. ಬೀಗರು ಬಂದ್ರ ಅಂವ ತಂಪ ಮನಷ್ಯಾ, ಇಂವ ಬಿರುಸು ಅಂತೀರಿ. ಬಿಸಿಲು ಸುದ್ದಾ ನಿಮಗ ಒರಟು."

ಮಾಣಿಕಪ್ಪನವರು ಎಡಗೈಯನ್ನು ಬೆನ್ನ ಕೆಳಗೆ ಸೇರಿಸಿಕೊಂಡರು.

"ಮೊನ್ನೆಯ ಮಾತಿನಾಗ ಬರೇ ಸಪ್ಪಳ ಅದ. ಕೈ ಇಲ್ಲೇ ಇಲ್ಲ. ಯಾರೋ ಮುಷ್ಟಿ ಬಿಚ್ಚಿದ್ರ ಮೊದಲ ಕೈಗೆ ಗೊತ್ತಾಗಬೇಕಿತ್ತು. ನಿಮ್ಮ ಕೈ ಏನಂತು ಕಾಕಾ?"

ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಅದು ನಿಂತಿತು.

"ನಿಮ್ಮ ಮುಷ್ಟಿ ಯಾರೂ ಬಿಚ್ಚಿಲ್ಲ," ಎಂದಳು ಶಿವಕಾಂತಾ, ಮೆಲ್ಲಗೆ. "ಮೆರವಣಿಗಿ ಬಲಗೈ ಎತ್ತಿತು. ನೀವು ಕನ್ನಡಿ ಹಾಂಗ ಎಡಗೈ ಎತ್ತಿದ್ರಿ. ಮುಷ್ಟಿ ಗಟ್ಟಿ ಹಿಡಿದವರದು ಉಳೀತು, ನಿಮ್ಮ ಲಿಂಗ ಕೆಳಗ ಬಿತ್ತು."

ಮಾಣಿಕಪ್ಪನವರು ಗೋಡೆಯ ಕಡೆ ಹೊರಳಿದರು. ಅವರ ಬೆನ್ನು ಮಾತಾಡಿತು.

"ಐದು ವರ್ಷದವ ಇದ್ದಾಗ ಕಟ್ಯಾರ. ಒಂದು ದಿವಸ ಸುದ್ದಾ ನೆಲ ಮುಟ್ಟಿದ್ದಿಲ್ಲ. ಜೈ ತೆಲಂಗಾಣ ಅಂದೆ, ಕೈ ಖಾಲಿ ಆತು. ಆಕಿಗೆ ಹ್ಯಾಂಗ ಹೇಳಲಿ? ಊರಿಗೆ ಹ್ಯಾಂಗ ಹೇಳಲಿ? ಕದ್ರು ಅಂದ್ರ ಕದ್ದವನದು ತಪ್ಪು. ಬಿತ್ತು ಅಂದ್ರ ನಂದು."

ರೇವಪ್ಪನವರು ಅಂಗಿಯ ಗುಂಡಿ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು.

"ಮಾಣಿಕಪ್ಪಾ, ನಂದೂ ಬಿತ್ತೋ."

ಮಾಣಿಕಪ್ಪನವರು ಈ ಕಡೆ ಹೊರಳಿದರು. ಮೊನ್ನೆಯಿಂದ ಮೊದಲ ಬಾರಿಗೆ ಅವರ ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು.

"ನೀನೂ ಎತ್ತಿದ್ಯಾ?"

"ನಿನ್ನ ಬಾಜೂಕೇ ಇದ್ದೆನಲ್ಲ. ನೀ ಎತ್ತಿದಿ, ನಾ ಎತ್ತಿದೆ. ಕತ್ತಲದಾಗ ನೆಲ ತಡವಿದೆ. ಅಷ್ಟರಾಗ ಯಾರೋ ಕರಡಿಗಿ ಮುಚ್ಚಿ ಕೈಯಾಗ ಇಟ್ರು. ಪುಣ್ಯಾತ್ಮರು ಅಂದ್ಕೊಂಡು ಕೊರಳಿಗೆ ಹಾಕ್ಕೊಂಡೆ."

"ನನಗೂ ಹಾಂಗೇ ಕೊಟ್ರು. ಮುಚ್ಚೇ ಕೊಟ್ರು."

"ಮಾಮಾ," ಎಂದಳು ಶಿವಕಾಂತಾ, "ನಿನ್ನಿ ಮುಂಜಾನಿ ಪೂಜಾದಾಗ ನಿಮ್ಮದು ನಿಮ್ಮದೇ ಇತ್ತಲ್ಲ?"

ರೇವಪ್ಪನವರು ಕಂಬಳಿಯ ಅಂಚು ಸರಿಪಡಿಸತೊಡಗಿದರು.

"ಇವತ್ತ ಮುಂಜಾನಿ?"

ಅಂಚು ಸರಿಯಾಗಿಯೇ ಇತ್ತು. ಮತ್ತೆ ಸರಿಪಡಿಸಿದರು.

"ನೀವು ಎದ್ದ ಕೂಡಲೇ ಉಪ್ಪಿಟ್ಟು ತಿಂದ್ರಿ ಮಾಮಾ. ನಾನೇ ಹಾಕಿದ್ದೆ. ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರಿ."

"ನೌಕರಿ ಮಾಡೂವಾಗ ಬಿಟ್ಟುಹೋತು," ಎಂದರು ರೇವಪ್ಪ. "ರೇಡಿಗೆ ಹೊಂಟವ ಪೂಜಾ ಮಾಡ್ಕೋತ ಕೂತ್ರ ಭಟ್ಟಿಯವ ಓಡಿಹೋಗ್ತಾನ. ಶಿಬಿರದಾಗ ತೆರದೆನಲ್ಲ, ಅದು ಎಷ್ಟೋ ವರ್ಷದ ಮ್ಯಾಲ. ನನಗೂ ಕಣ್ಣೀರು ಬಂದಿತ್ತು, ಖರೇ ಹೇಳ್ತೀನಿ."

"ಹಂಗಂದ್ರ ಕಾಕಾರದು ನಿಮ್ಮ ಕೊರಳಾಗ ಅದ. ನಿಮ್ಮದು ಕಾಕಾರ ಕರಡಿಗ್ಯಾಗ. ಬದಲಾಗ್ಯಾವ, ಅಷ್ಟ."

ಮಾಣಿಕಪ್ಪನವರು ಎದ್ದು ಕುಳಿತರು. "ತೆರಿ ರೇವ್ಯಾ. ಲಗೂ ತೆರಿ. ರುಕ್ಮಿಣೀ, ರೊಟ್ಟಿ ಬಿಸಿ ಮಾಡು!"

ರೇವಪ್ಪನವರು ಕೈ ತೊಳೆದುಕೊಂಡು ಬಂದು ಕರಡಿಗೆ ತೆರೆದರು. ಒಳಗಿದ್ದದ್ದನ್ನು ಎಡ ಅಂಗೈ ಮೇಲೆ ಇಟ್ಟುಕೊಂಡರು. ಮಾಣಿಕಪ್ಪನವರು ಮುಟ್ಟದೆ ಬಗ್ಗಿ ನೋಡಿದರು. ಅವರ ಮುಖದ ಕಳೆ ಹೋಯಿತು.

"ನಂದಲ್ಲ."

"ನಂದೂ ಅಲ್ಲ," ಎಂದರು ರೇವಪ್ಪ.

ರೇವಪ್ಪನವರು ಅಂಗೈಯನ್ನು ಮೂಗಿನ ಹತ್ತಿರ ತಂದರು. ಒಮ್ಮೆ ಮೂಸಿದರು. ಇನ್ನೊಮ್ಮೆ ಮೂಸಿದರು. ಅಬಕಾರಿಯ ಹಳೆಯ ಮುಖ ವಾಪಸು ಬಂತು.

"ಶಿವಾ, ಇದು ಲಿಂಗ ಅಲ್ಲ. ಮೇಣ."

ಹೆಬ್ಬೆರಳಿನಿಂದ ಒತ್ತಿದರು. ಬೆರಳಿನ ಗುರುತು ಮೂಡಿತು. ಮೇಣಕ್ಕೆ ದೀಪದ ಕಾಡಿಗೆ ಬಳಿದು ನುಣ್ಣಗೆ ತಿಕ್ಕಿದ್ದರು. ಅಂಗೈ ಬಿಸಿಗೆ ಅದು ಆಗಲೇ ಅಂಟತೊಡಗಿತ್ತು.

ಶಿವಕಾಂತಾ ಗೂಡಿನ ಕಡೆ ನೋಡಿದಳು. ಅಲ್ಲಿ ಬಿಳಿ ಬಟ್ಟೆಯ ಕೆಳಗೆ ಮಾಣಿಕಪ್ಪನವರ ಕರಡಿಗೆ ಇತ್ತು. ಇನ್ಯಾರದೋ ಲಿಂಗವೆಂದು ಭಕ್ತಿಯಿಂದ ಮುಚ್ಚಿಟ್ಟಿದ್ದರು. ಮುಟ್ಟಿರಲಿಲ್ಲ.

"ಕಾಕಾ, ಅದನ್ನೂ ಒಂದ್ಸಲ ಒತ್ತಿ ನೋಡ್ರಿ."

"ಇನ್ನೊಬ್ಬರದನ್ನ ಮುಟ್ಟಂಗಿಲ್ಲವ್ವಾ."

"ಇನ್ನೊಬ್ಬರದು ಆಗಿದ್ರ ಮುಟ್ಟಬ್ಯಾಡ್ರಿ. ಉಗುರು ಸಾಕು."

ಮಾಣಿಕಪ್ಪನವರು ಕರಡಿಗೆ ತೆರೆದರು. ಕಣ್ಣು ಮುಚ್ಚಿ ಉಗುರು ಊರಿದರು. ಉಗುರು ಒಳಗೆ ಇಳಿಯಿತು.

"ಮೊನ್ನೆಯಿಂದ ನಾ ಮೇಣದ ಬತ್ತಿಗೆ ಕೈ ಮುಗಿಯಾಕ ಹತ್ತೀನಿ," ಎಂದರು ಅವರು.

ಶಿವಕಾಂತಾ ನಗಲಿಲ್ಲ. ಕೈ ಎತ್ತಿದ್ದು ಆಕಸ್ಮಿಕ. ಬಿದ್ದದ್ದು ಆಕಸ್ಮಿಕ. ಮೇಣ ಕರಗಿಸಿ, ಕಾಡಿಗೆ ಬಳಿದು, ಎರಡು ಮಾಡಿ ಜೊತೆಗೆ ತಂದದ್ದು ಆಕಸ್ಮಿಕವಲ್ಲ. ಕತ್ತಲಾಗದಿದ್ದರೂ ಅವನ್ನು ತಂದವರು ಇನ್ನೊಂದು ದಾರಿ ಹುಡುಕುತ್ತಿದ್ದರು. ಮಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಬೇರೆಯವರದೆಂದು ಕಂಡರೆ ಈ ಜನ ಮುಟ್ಟಿ ನೋಡುವುದಿಲ್ಲ. ಮಿಲಿಂದ್‌ಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ. ಪೆನ್ನು ಹಿಡಿಯುತ್ತಾರೆಂದು ಕಾದವನು ಅವನು.

"ಕಾಕಾ, ಕರಡಿಗಿ ಕೈಗೆ ಕೊಟ್ಟಾಗ ಏನರ ಕೇಳ್ತೇನು?"

ಮಾಣಿಕಪ್ಪನವರು ನೆನಪಿಸಿಕೊಂಡರು. "ಬಳಿ ಸಪ್ಪಳ. ಮಜ್ಜಿಗಿ ಕೊಡಾಕ ಹೆಣ್ಮಕ್ಕಳು ಬಂದಿದ್ರಲ್ಲ."

ರುಕ್ಮಿಣಿಬಾಯಿ ಹೊರಗೆ ಬಂದರು. ಬಿಸಿ ರೊಟ್ಟಿಯ ತಾಟನ್ನು ಗಂಡನ ಮುಂದೆ ಇಟ್ಟರು. ಗಾಜಿನ ಬಳೆಗಳು ತಾಟಿನ ಅಂಚಿಗೆ ತಾಗಿದವು. ಮಾಣಿಕಪ್ಪನವರು ತಲೆ ಎತ್ತಿ ಹೆಂಡತಿಯ ಕೈ ನೋಡಿದರು. ಆಮೇಲೆ ಮುಖ ನೋಡಿದರು. ಅಷ್ಟು ಹೊತ್ತು ಅವರು ಆಕೆಯ ಮುಖ ನೋಡಿದ್ದನ್ನು ಶಿವಕಾಂತಾ ಎಂದೂ ಕಂಡಿರಲಿಲ್ಲ.

"ಎರಡೂ ಎಲ್ಲ್ಯಾವ ನನಗ ಗೊತ್ತದ," ಎಂದರು ರುಕ್ಮಿಣಿಬಾಯಿ. "ಒಂದು ಮುರದ್ರ ಇರ್ಲಿ ಅಂತ ಎರಡು ಮಾಡಿದ್ದೆ, ಕತ್ತಲದಾಗ ಯಾರದು ಯಾವುದು ತಿಳೀಲಿಲ್ಲ, ಎರಡೂ ತಗೊಂಡೆ. ಮಡಿಯಿಂದ ಇಟ್ಟೀನಿ. ದಿನಾ ಹೂವು ಏರಿಸೀನಿ."

"ರುಕ್ಮಿಣೀ!"

"ಕೊಡ್ತೀನಿ. ಮೊದಲ ಉಣ್ರಿ."

"ಪೂಜಾ ಆಗಲಾರದ ನಾ ಹ್ಯಾಂಗ ಉಣ್ಣಲಿ? ಮೊದಲ ಕೊಡು."

"ಮೊದಲ ಉಣ್ರಿ."

ರೇವಪ್ಪನವರು ತಾಟಿನ ಕಡೆ ನೋಡಿದರು. "ವೈನಿ, ಬದಲಿಗೆ ನಾ ಉಂಡ್ರ ನಡೀತದೇನು?"

"ನಿಮ್ಮದಲ್ಲರಿ. ಇವರದು." ಆಕೆ ಹೊಸ್ತಿಲಿಗೆ ಬೆನ್ನು ಕೊಟ್ಟು ಕುಳಿತರು, ಅಲ್ಲಿಂದ ಏಳುವ ಯೋಚನೆಯೇ ಇಲ್ಲದವರ ಹಾಗೆ. "ಇಷ್ಟು ವರ್ಷ ನನ್ನ ತಾಟು ಪೂಜಾದ ಹಿಂದ ನಿಂತದ, ಇವತ್ತೊಂದು ದಿವಸ ಮುಂದ ಬರ್ಲಿ. ಉಳಿದದ್ದು ಉಂಡ ಮ್ಯಾಲ ಹೇಳ್ತೀನಿ."

ಮಾಣಿಕಪ್ಪನವರ ಬೆರಳುಗಳ ನಡುಕ ಈಗ ಮೊಣಕೈವರೆಗೆ ಏರಿತ್ತು. ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೋಡೆಯ ಕಡೆ ಹೊರಳಿದರು.